ಬೆಕ್ಕಿನ ತಲೆಗಳೂ ಮದ್ದಿನಮನೆ ಲುಲ್ಲನೂ

ಮದ್ದಿನಮನೆ ಲುಲ್ಲ ಸೀನಿದರೆ ಮೂರನೆಯ ಮನೆಯ ಕಿಟಕಿಗಾಜು ಬಿರುಕು ಬಿಡುತ್ತದೆ ಎಂದು ಲೆಲ್ಲರ್‌ಷೈಡಿನ ನೆರೆಹೊರೆಯವರು ಹೇಳುತ್ತಿದ್ದರು. ಅವನು ಪೈಪು ಹಚ್ಚಲು ಕಡ್ಡಿ ಗೀರುವುದೇ ಇಲ್ಲ, ಸುಮ್ಮನೆ ಗುರಾಯಿಸಿದರೆ ತಂಬಾಕು ತಾನಾಗಿ ಹೊತ್ತಿಕೊಳ್ಳುತ್ತದೆ ಎನ್ನುತ್ತಿದ್ದರು. ದೇವರು ಹೆದರಿಕೆ ಹಂಚುತ್ತಿದ್ದ ದಿನ ಲುಲ್ಲ ಮೊಟ್ಟೆ ಮಾರಲು ಹೋಗಿದ್ದನಂತೆ, ಅವನ ಪಾಲು ಹಾಗೇ ಉಳಿದುಬಿಟ್ಟಿತಂತೆ. ಹೆಂಡದಂಗಡಿಯಲ್ಲಿ ಇಷ್ಟೆಲ್ಲ ಮಾತು ನಡೆಯುವಾಗ ಲುಲ್ಲ ಅಲ್ಲೇ ಮೂಲೆಯಲ್ಲಿ ಕೂತು, ಯಾರಾದರೂ ಬಾಟಲಿಯ ಬಿರಡೆ ಕಿತ್ತುಬಿಟ್ಟಾರೆಂದು ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡಿರುತ್ತಿದ್ದ.

ಏಕೆಂದರೆ ನಮ್ಮ ಪುಟ್ಟ ಲಕ್ಸೆಂಬರ್ಗ್ ದೇಶದಲ್ಲಿ ಲುಲ್ಲನಷ್ಟು ಸದ್ದಿಗೆ ಹೆದರುವ ಪ್ರಾಣಿ ಇನ್ನೊಂದಿರಲಿಲ್ಲ. ಬಾಗಿಲು ದಢಾರೆಂದರೆ ಅವನು ಬೀರುವಿನ ಹಿಂದೆ ಇರುತ್ತಿದ್ದ. ಬೇಳೆ ಕುದಿದು ಮುಚ್ಚಳ ಟಪಕ್ಕೆಂದರೆ ಮೇಜಿನ ಕೆಳಗೆ. ಮೊಟ್ಟೆ ವ್ಯಾಪಾರವನ್ನು ಅವನು ಆರಿಸಿಕೊಂಡದ್ದೇ, ಲೋಕದಲ್ಲಿ ಸದ್ದು ಮಾಡದೆ ಮಾಡಬೇಕಾದ ಕೆಲಸ ಅದೊಂದೇ ಎಂದು. ತನ್ನ ಹಳದಿ ವ್ಯಾನನ್ನು ಅವನು ಎಷ್ಟು ನಿಧಾನ ಓಡಿಸುತ್ತಿದ್ದನೆಂದರೆ, ಕೋಳಿಗಳು ಮುಂದೆ ದಾಟಿ ಹೋಗಿ ಹಿಂದಿರುಗಿ ನೋಡುತ್ತಿದ್ದವು.

ಹಾಗಾದರೆ ಆ ಕೀರ್ತಿ ಎಲ್ಲಿಂದ ಬಂತು? ಮನೆಯ ಹೆಸರಿನಿಂದ ಬಂತು. ನಮ್ಮ ಕಡೆ ಮನುಷ್ಯರಿಗೆ ಕಾಗದದ ಮೇಲೊಂದು ಹೆಸರು, ಊರಿನ ಬಾಯಲ್ಲಿ ಇನ್ನೊಂದು. ಯಾರು ಯಾವ ಮನೆಯಲ್ಲಿ ಮಲಗಿ ಏಳುತ್ತಾರೋ ಆ ಮನೆಯ ಹೆಸರೇ ಅವರದು. ಅಲೋಯಿಸ್ ಹೊಫೆಲ್ಟ್ ಎಂಬ ಈ ಮೊಟ್ಟೆಯವನು ಫಿನ್ನಿಯನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದ ದಿನದಿಂದ ಮದ್ದಿನಮನೆ ಲುಲ್ಲನಾದ. ಆ ಮನೆಯ ಮೂಲಪುರುಷ ಕುದುರೆಗಳಿಗೆ ಹೊಟ್ಟೆನೋವಿನ ಮದ್ದು ಮಾರುತ್ತಿದ್ದನೋ, ಕಲ್ಲುಗಣಿಗೆ ಸಿಡಿಮದ್ದು ಮಾರುತ್ತಿದ್ದನೋ ಯಾರಿಗೂ ಖಚಿತವಿರಲಿಲ್ಲ. ಎರಡನ್ನೂ ಒಂದೇ ಡಬ್ಬದಲ್ಲಿಡುತ್ತಿದ್ದ, ಅದಕ್ಕೇ ಊರಿನಲ್ಲಿ ಕುದುರೆಗಳು ಕಡಿಮೆ ಎಂದು ಎದುರಿನ ಕಮ್ಮಾರಮನೆಯ ಗುಸ್ತಿ ಹೇಳುತ್ತಿದ್ದ.

ಆ ಮನೆಯ ನೆಲಮಾಳಿಗೆಯಲ್ಲಿ ಬೆಕ್ಕಿನ ತಲೆಗಳಿದ್ದವು. ಗಾಬರಿಯಾಗಬೇಕಿಲ್ಲ. ಅವು ಎರಕದ ಕಬ್ಬಿಣದ ಮೊಂಡು ತೋಪುಗಳು, ಬೆಕ್ಕಿನ ತಲೆಯಷ್ಟೇ ದಪ್ಪ, ಅದರಷ್ಟೇ ಸಿಡುಕು. ಮದ್ದು ತುಂಬಿ, ಮೇಲೆ ಜೇಡಿಮಣ್ಣು ಜಡಿದು, ಹಿಂದಿನ ಕಿಂಡಿಗೆ ಕಾದ ಕಬ್ಬಿಣದ ಸಲಾಕೆ ತಾಗಿಸಿದರೆ ಇಡೀ ಕಣಿವೆ ಕೆಮ್ಮುತ್ತಿತ್ತು. ಬೇಸಿಗೆಯ ಮೊದಲಲ್ಲಿ ಪರಮಪ್ರಸಾದದ ಮೆರವಣಿಗೆ ಹೊರಟು, ಪಾದ್ರಿಗಳು ಬೀದಿಯ ಹೂಪೀಠದ ಮುಂದೆ ನಿಂತು ಪ್ರಸಾದದ ರೊಟ್ಟಿಯಿಟ್ಟ ಹೊನ್ನಿನ ಪಾತ್ರೆಯನ್ನು ಮೇಲೆತ್ತಿದಾಗ, ಚರ್ಚಿನ ಮೇಲಿನ ತೋಟದಿಂದ ಅವುಗಳನ್ನು ಹಾರಿಸಬೇಕು. ಹಾರಿಸುವವನು ಮದ್ದಿನಮನೆಯ ಗಂಡಸಾಗಿರಬೇಕು. ಹೆಂಗಸು ಬೆಂಕಿ ಮುಟ್ಟಿಸಬಾರದು. ಆ ಮನೆಯಲ್ಲಿ ಗಂಡಸಿಲ್ಲದೆ ಹೋದರೆ ಬೆಕ್ಕಿನ ತಲೆಗಳು ಎದುರಿನ ಕಮ್ಮಾರಮನೆಗೆ ಸಲ್ಲಬೇಕು. ಹೀಗೆಂದು ಎಂದೋ ಯಾರೋ ಹೇಳಿದ್ದರು, ಬೇಡವೆನ್ನಲು ಯಾರೂ ಪುರುಸೊತ್ತು ಮಾಡಿಕೊಂಡಿರಲಿಲ್ಲ.

ಮಾವ ತೀರಿಕೊಂಡ ವರ್ಷ ಲುಲ್ಲ ತೋಟಕ್ಕೆ ಹೋಗಿ ಸಲಾಕೆ ಹಿಡಿದ. ತೋಪಿನ ಕಿಂಡಿ ನೋಡಿದ. ಆಮೇಲೆ ಎಚ್ಚರವಾದಾಗ ತೋಟದ ಪಕ್ಕದ ಬಟಾಟೆ ಗುಡಿಸಲಿನಲ್ಲಿದ್ದ. ಅಷ್ಟರಲ್ಲಿ ಅವನ ಟೋಪಿ, ಅವನ ಉದ್ದ ಕೋಟು ಹಾಕಿಕೊಂಡು ಫಿನ್ನಿ ಹಾರಿಸಿ ಮುಗಿಸಿದ್ದಳು. ಚಿಕ್ಕಂದಿನಿಂದ ಅಪ್ಪನ ಪಕ್ಕ ನಿಂತು ಕಲಿತ ಕೈ ಅವಳದು. ಬೇಲಿಯಾಚೆಯಿಂದ ಊರಿಗೆ ಕಾಣುತ್ತಿದ್ದದ್ದು ಟೋಪಿ ಮಾತ್ರ. ಅವಳು ಗುಡಿಸಲಿಗೆ ಬಂದು, ಹೆಬ್ಬೆರಳಿನಿಂದ ಗಂಡನ ಕೆನ್ನೆಗೆ ಇಷ್ಟು ಮಸಿ ಬಳಿದು, ಟೋಪಿ ತಲೆಗಿಟ್ಟು, ‘ಹೋಗು, ಎದೆ ಉಬ್ಬಿಸ್ಕೊಂಡು ನಡಿ’ ಎಂದು ಕಳಿಸಿದಳು. ಕೆಳಗೆ ಇಳಿದರೆ ಊರೆಲ್ಲ ಬೆನ್ನು ತಟ್ಟಿತು. ಅಲ್ಲಿಂದ ಪ್ರತಿವರ್ಷ ಹಾಗೇ. ಲುಲ್ಲ ಕಿವಿಗೆ ಹತ್ತಿ ತುರುಕಿಕೊಂಡು, ತಲೆಯನ್ನು ಬಟಾಟೆ ಬುಟ್ಟಿಯೊಳಗಿಟ್ಟು ಕೂರುವುದು. ಫಿನ್ನಿ ಹಾರಿಸುವುದು. ಎರಡು ಬೇಗ ಬೇಗ, ನಡುವೆ ಸ್ವಲ್ಪ ಬಿಡುವು, ಆಮೇಲೆ ಉಳಿದವು. ಆ ಬಿಡುವಿನಲ್ಲೇ ಲುಲ್ಲನ ಗತ್ತಿರುವುದು ಎಂದು ಊರಿನವರು ಹೊಗಳುತ್ತಿದ್ದರು. ಅದು ಫಿನ್ನಿ ಕೋಟಿನೊಳಗಿನ ಲಂಗ ಎತ್ತಿ ಕಟ್ಟಿಕೊಳ್ಳುವ ಸಮಯ. ಅವಳ ಎಡಹುಬ್ಬು ಸುಟ್ಟುಹೋಗಿ ಮತ್ತೆ ಬೆಳೆಯಲೇ ಇಲ್ಲ. ಒಲೆ ಸರಿಯಿಲ್ಲ ಎಂದು ಅವಳು ಹೇಳುತ್ತಿದ್ದಳು, ಊರು ಒಲೆಯನ್ನು ಬೈಯುತ್ತಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮ ನುಡಿಯಲ್ಲಿ ಹೆಸರು ಹಿಡಿದು ಕರೆಯುವ ಹೆಣ್ಣುಮಕ್ಕಳೆಲ್ಲ ‘ಅದು’. ತೊಟ್ಟಿಲಲ್ಲಿದ್ದರೂ ಅದು, ಮೊಮ್ಮಕ್ಕಳನ್ನು ಎತ್ತಿದರೂ ಅದು. ಅದು ಪೇಟೆಗೆ ಹೋಯಿತು, ಅದು ಸಾರು ಚೆನ್ನಾಗಿ ಮಾಡುತ್ತದೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಫಿನ್ನಿಯೂ ಬೇಸರ ಮಾಡಿಕೊಂಡಿರಲಿಲ್ಲ, ಆದರೆ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಹೀಗಿರುವಾಗ ಎಂಬತ್ತನಾಲ್ಕನೆಯ ಇಸವಿಯಿಂದ ದೇಶದಲ್ಲಿ ಯಾರೋ ವಿದ್ಯುತ್ ಕಂಬಗಳಿಗೆ ಬಾಂಬು ಇಡತೊಡಗಿದರು. ಇವತ್ತೊಂದು ಕಡೆ, ಮುಂದಿನ ತಿಂಗಳು ಇನ್ನೊಂದು ಕಡೆ. ದೊಡ್ಡ ದೊಡ್ಡ ಕಬ್ಬಿಣದ ಕಂಬಗಳು ಕುಡಿದವರ ಹಾಗೆ ಮಗುಚಿಕೊಂಡವು. ಯಾರು, ಯಾಕೆ, ಯಾರಿಗೂ ಗೊತ್ತಿಲ್ಲ. ಲೆಲ್ಲರ್‌ಷೈಡಿನವರಿಗೆ ಮೊದಮೊದಲು ಭಯಕ್ಕಿಂತ ಅಜೀರ್ಣವೇ ಹೆಚ್ಚಾಯಿತು. ಕರೆಂಟು ಹೋದೊಡನೆ ಮನೆಮನೆಯ ಫ್ರೀಜರಿನಲ್ಲಿ ಚಳಿಗಾಲಕ್ಕೆಂದು ಇಟ್ಟ ಹಂದಿಮಾಂಸ ಕರಗುತ್ತಿತ್ತು. ಹಾಳಾಗುವ ಮೊದಲು ತಿನ್ನಬೇಕಲ್ಲ. ಒಂದು ಸಲ ಅದು ಉಪವಾಸದ ಶುಕ್ರವಾರವೇ ಆಗಿ, ಪಾದ್ರಿಗಳು ಬಹಳ ಹೊತ್ತು ಪ್ರಾರ್ಥಿಸಿ, ಮಾಂಸ ಕೆಡಿಸುವುದು ತಿನ್ನುವುದಕ್ಕಿಂತ ದೊಡ್ಡ ಪಾಪವೆಂದು ತೀರ್ಮಾನಿಸಿ, ಮೊದಲ ತುಂಡನ್ನು ತಾವೇ ತೆಗೆದುಕೊಂಡರು.

ಹೊಟ್ಟೆ ತುಂಬಿದ ಮೇಲೆ ಬಾಯಿ ಬಿಚ್ಚಿತು. ಬಾಂಬಿಡುವವನು ಯಾರು? ರಷ್ಯಾದವರು ಎಂದರು ಕೆಲವರು, ಅಮೆರಿಕದವರು ಎಂದರು ಕೆಲವರು, ಮೇಣದಬತ್ತಿ ಮಾರುವವರು ಎಂದರು ಪಾದ್ರಿಗಳ ಅಡುಗೆಯವರು. ಕಡೆಗೆ ಯಾರೋ ಲುಲ್ಲನ ಕಡೆ ನೋಡಿದರು. ದೇಶದಲ್ಲಿ ಅವನ ಹಳದಿ ವ್ಯಾನು ತೆವಳದ ದಾರಿಯಿಲ್ಲ. ಮದ್ದು ಗೊತ್ತು, ಕೈ ನಡುಗದು, ಬಾಯಿ ಬಿಡದವನು. ಊರಿಗೆ ಅನುಮಾನಕ್ಕಿಂತ ಹೆಮ್ಮೆ ಹೆಚ್ಚಾಯಿತು. ಇಡೀ ದೇಶದ ಪೊಲೀಸರು ಹುಡುಕುವವನು ನಮ್ಮೂರಿನವನು ಎಂದರೆ ಸಾಮಾನ್ಯವೇ?

ಲುಲ್ಲ ‘ನಾನಲ್ಲ ಮಾರಾಯ್ರೆ’ ಎಂದರೆ ಎಲ್ಲರೂ ಕಣ್ಣು ಮಿಟುಕಿಸಿದರು. ಜೋರಾಗಿ ಅಲ್ಲಗಳೆಯುವಂತೆಯೂ ಇರಲಿಲ್ಲ. ಸದ್ದೆಂದರೆ ನನಗೆ ಜೀವ ಹೋಗುತ್ತದೆ ಎಂದು ಹೇಳಿಬಿಟ್ಟರೆ, ಹಾಗಾದರೆ ಇಷ್ಟು ವರ್ಷ ಬೆಕ್ಕಿನ ತಲೆ ಹಾರಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅವು ಗುಸ್ತಿಯ ಪಾಲಾಗುತ್ತಿದ್ದವು. ಫಿನ್ನಿ ವರ್ಷವಿಡೀ ಆ ಒಂದು ಬೆಳಗಿಗಾಗಿ ಕಾಯುತ್ತಾಳೆಂದು ಲುಲ್ಲನಿಗೆ ಗೊತ್ತಿತ್ತು. ತೋಟದಿಂದ ಗುಡಿಸಲಿಗೆ ಬರುವಾಗಿನ ಅವಳ ಮುಖವನ್ನು ನೋಡಿದವನು ಅವನೊಬ್ಬನೇ.

ಪಕ್ಕದೂರಿನ ರೈತನೊಬ್ಬ ಅವನನ್ನು ವ್ಯಾನಿನ ಹಿಂದಕ್ಕೆ ಕರೆದು, ತನ್ನ ಹುಲ್ಲುಗಾವಲಿನ ನಡುವೆ ಒಂದು ಕಂಬವಿದೆ, ಟ್ರಾಕ್ಟರ್ ತಿರುಗಿಸಲು ಅಡ್ಡ, ಆ ಕಡೆ ಏನಾದರೂ ಕೆಲಸವಿದ್ದರೆ ಎಂದು ಕಿವಿಯಲ್ಲಿ ಹೇಳಿದ.

‘ಆ ಕಡೆ ನನಗೆ ಮೊಟ್ಟೆ ಕೊಡೋದು ಬಿಟ್ರೆ ಬೇರೆ ಕೆಲಸ ಇಲ್ಲಪ್ಪ’ ಎಂದ ಲುಲ್ಲ.

‘ಅದೇ, ಮೊಟ್ಟೆ,’ ಎಂದು ರೈತ ಅವನ ಕೈ ಅದುಮಿದ. ‘ಅರ್ಥ ಆಯ್ತು. ನಿನಗೆ ಅನುಕೂಲ ಆದಾಗ ಇಡು.’

ಅಲ್ಲಿಂದ ಲುಲ್ಲ ‘ನಾಳೆ ಮೊಟ್ಟೆ ತರ್ತೀನಿ’ ಎಂದು ಹೇಳಿದ ಊರಿನಲ್ಲೆಲ್ಲ ಜನ ಮೇಣದಬತ್ತಿ ಕೊಂಡಿಟ್ಟುಕೊಳ್ಳತೊಡಗಿದರು.

ಆ ಸಮಯಕ್ಕೆ ದಕ್ಷಿಣದ ಉಕ್ಕಿನ ಊರಿನಿಂದ ಒಬ್ಬ ಹೊಸ ಪೊಲೀಸ್ ಬ್ರಿಗೇಡಿಯರ್, ಅಂದರೆ ಠಾಣೆಯ ಕಿರಿಯ ಅಧಿಕಾರಿ, ಬಂದ. ಟುಲ್ಲಿಯೊ ಫಬ್ರಿ ಎಂದು ಹೆಸರು, ಎಳೆಯ ವಯಸ್ಸು, ಹುಲ್ಲು ಹೂಬಿಟ್ಟರೆ ಸೀನುವ ಕಾಯಿಲೆ. ಅವನಿಗೆ ಗುಸ್ತಿ ಹೇಳಿದ್ದು ನಿಜವನ್ನೇ. ಆ ಮನೆಯವರು ತಲೆಮಾರುಗಳಿಂದ ಹಾರಿಸುತ್ತಲೇ ಬಂದಿದ್ದಾರೆ, ಈಗ ಅಳಿಯ ನೋಡಿಕೊಳ್ಳುತ್ತಿದ್ದಾನೆ, ಮಾವನಿಗಿಂತ ಕೈ ಚುರುಕು ಎಂದ. ಏನನ್ನು ಹಾರಿಸುವುದು ಎಂದು ಅವನು ಹೇಳಲಿಲ್ಲ, ಊರಿನಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಬ್ರಿಗೇಡಿಯರ್ ನೇರವಾಗಿ ಮದ್ದಿನಮನೆಯ ಬಾಗಿಲು ತಟ್ಟಿದ. ತಟ್ಟಿದ ಸದ್ದಿಗೆ ಲುಲ್ಲ ಬೀರುವಿನ ಹಿಂದೆ ಹೋದದ್ದರಿಂದ ಫಿನ್ನಿಯೇ ಬಾಗಿಲು ತೆಗೆದಳು.

‘ನೆಲಮಾಳಿಗೇಲಿ ಏನೇನಿದೆ ಮದಾಮ್?’

‘ಬಟಾಟೆ, ಪ್ಲಮ್ ಹಣ್ಣಿನ ಜಾಮು, ಬೆಕ್ಕಿನ ತಲೆಗಳು.’

ಬ್ರಿಗೇಡಿಯರ್ ಬರೆಯುವುದನ್ನು ನಿಲ್ಲಿಸಿದ. ‘ಬೆಕ್ಕಿನ...’

‘ತಲೆ. ಆರಿದ್ವು. ಒಂದು ಸೀಳಿಹೋಯ್ತು.’

‘ಯಾರು ಸೀಳಿದ್ದು?’

‘ನಮ್ಮಪ್ಪ. ಪಾಪ, ವಯಸ್ಸಾಗಿತ್ತು, ಬಾಯಿಗೆ ಜಾಸ್ತಿ ತುಂಬಿಬಿಟ್ರು.’

‘ಮಿಕ್ಕ ಐದು?’

‘ಚೆನ್ನಾಗಿವೆ. ಚಳಿಗಾಲ ಬಂದಾಗ ಹಂದಿಕೊಬ್ಬು ಸವರಿ ಗೋಣಿಚೀಲದಲ್ಲಿ ಸುತ್ತಿಡ್ತೀವಿ. ಹಬ್ಬಕ್ಕೆ ತೆಗೀತೀವಿ.’

ಅವನು ನೆಲಮಾಳಿಗೆಗೆ ಇಳಿಯಲಿಲ್ಲ. ಅವನ ಮನೆಯಲ್ಲಿ ಬೆಕ್ಕೊಂದಿತ್ತು. ಬಿಳಿಚಿದ ಮುಖದಲ್ಲಿ ವಾಪಸು ಹೋಗಿ ಮೇಲಿನವರಿಗೆ ಹಾಗೇ ಬರೆದು ಕಳಿಸಿದ. ಎರಡು ದಿನದಲ್ಲಿ ರಾಜಧಾನಿಯಿಂದ ಇಬ್ಬರು ಪ್ರಾಣಿದಯಾ ಸಂಘದ ಹೆಂಗಸರು ಬಂದು ನೆಲಮಾಳಿಗೆಗೆ ಇಳಿದರು, ಕಬ್ಬಿಣ ನೋಡಿದರು, ಜಾಮಿನ ಒಂದೊಂದು ಶೀಶೆ ಹಿಡಿದುಕೊಂಡು ಹೋದರು. ಠಾಣೆಯಲ್ಲಿ ಬ್ರಿಗೇಡಿಯರ್ ಒಳಗೆ ಬಂದಾಗಲೆಲ್ಲ ಯಾರೋ ಮಿಯಾಂವ್ ಎನ್ನುವುದು ಶುರುವಾಯಿತು. ಈಗ ಅವನಿಗೆ ಬಾಂಬಿನವನನ್ನು ಹಿಡಿಯಲೇಬೇಕೆಂಬ ಹಟ ಹುಟ್ಟಿತು.

ಮುಂದಿನ ಸಲ ಅವನು ಲುಲ್ಲನನ್ನು ಅಡುಗೆಮನೆಯ ಮೇಜಿನೆದುರು ಕೂರಿಸಿಕೊಂಡ. ತೋಪಿಗೆ ಮದ್ದು ಎಷ್ಟು ತುಂಬುತ್ತೀರಿ ಎಂದು ಕೇಳಿದ. ಬೇಕಾದಷ್ಟು ಎಂದ ಲುಲ್ಲ. ಮದ್ದಿನ ಮೇಲೆ ಏನು ಜಡಿಯುತ್ತೀರಿ ಎಂದು ಕೇಳಿದ. ಲುಲ್ಲ ಒಂದು ದಿನವೂ ಕಣ್ಣುಬಿಟ್ಟು ನೋಡಿದವನಲ್ಲ. ಬ್ರಿಗೇಡಿಯರನ ಬೆನ್ನ ಹಿಂದೆ ಫಿನ್ನಿ ಜೇಡಿಮಣ್ಣು ನಾದುವಂತೆ ಕೈಯಾಡಿಸಿ ತೋರಿಸಿದಳು.

‘ಹಿಟ್ಟು’ ಎಂದ ಲುಲ್ಲ.

ಫಿನ್ನಿ ತಲೆ ಚಚ್ಚಿಕೊಂಡಳು.

‘ಹಿಟ್ಟಲ್ಲ, ಬ್ರೆಡ್ಡು. ಅಲ್ಲ, ತಲೆ. ತಲೆನೋವು?’

‘ಏನೂ ಗೊತ್ತಿಲ್ಲದವನ ಹಾಗೆ ಎಷ್ಟು ಚೆನ್ನಾಗಿ ಆಡ್ತೀರಿ,’ ಎಂದ ಬ್ರಿಗೇಡಿಯರ್ ಮೆಚ್ಚುಗೆಯಿಂದ. ‘ಇರಲಿ. ಬರೋ ಮೆರವಣಿಗೇಲಿ ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ. ನಿಮ್ಮ ಕೈ ಹೇಗೆ ಕೆಲಸ ಮಾಡುತ್ತೆ ಅಂತ ಈ ಕಣ್ಣಾರೆ ನೋಡ್ಬೇಕು.’

ಅವನು ಹೋದ ಮೇಲೆ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಟಾಗಿ ಹಾರಿಸಿದರೆ ಬಾಂಬಿನವನು ಇವನೇ ಎಂದು ಎಳೆದೊಯ್ಯುತ್ತಾರೆ. ಹಾರಿಸದೆ ಹೋದರೆ ಬೆಕ್ಕಿನ ತಲೆಗಳು ಗುಸ್ತಿಯ ಮನೆಗೆ ಹೋಗುತ್ತವೆ.

‘ಹೇಳಿಬಿಡೋಣ,’ ಎಂದಳು ಫಿನ್ನಿ. ‘ನೀನು ಜೈಲಿಗೆ ಹೋಗೋದಕ್ಕಿಂತ ಅವು ಗುಸ್ತಿ ಮನೆಗೆ ಹೋಗಲಿ.’

‘ಬೇಡ. ಜೈಲಲ್ಲಿ ಸದ್ದಿರಲ್ಲ ಅಂತಾರೆ,’ ಎಂದ ಲುಲ್ಲ. ‘ನಾನೇ ಹೊಡೀತೀನಿ.’

ತಾಲೀಮು ಶುರುವಾಯಿತು. ಲುಲ್ಲ ತನ್ನ ಪಾಡಿಗೆ ಮೊಟ್ಟೆ ಒರೆಸುತ್ತಿರುವಾಗ ಫಿನ್ನಿ ಹಿಂದಿನಿಂದ ಬಂದು ಊದಿದ ಕಾಗದದ ಚೀಲ ಒಡೆಯುವಳು. ಮೊದಲ ದಿನ ಲುಲ್ಲ ಬೀರುವಿನ ಮೇಲಿದ್ದ, ಹೇಗೆ ಹತ್ತಿದನೆಂದು ಅವನಿಗೂ ತಿಳಿಯಲಿಲ್ಲ, ಏಣಿ ತಂದು ಇಳಿಸಬೇಕಾಯಿತು. ವಾರದ ಕೊನೆಗೆ ನಿಂತಲ್ಲೇ ನಿಂತು ಕೈಯಲ್ಲಿದ್ದದ್ದನ್ನು ಬೀಳಿಸುವಷ್ಟು ಧೈರ್ಯ ಬಂತು. ಆ ವಾರವೆಲ್ಲ ಮದ್ದಿನಮನೆಯಲ್ಲಿ ಮೂರು ಹೊತ್ತೂ ಆಮ್ಲೆಟ್ಟು.

ಹಬ್ಬದ ದಿನ ಬಂತು. ಬೀದಿಗೆ ಹುಲ್ಲು, ಹೂವಿನ ಪಕಳೆ ಹಾಸಿದ್ದರು. ತೋಟದಲ್ಲಿ ಐದು ಬೆಕ್ಕಿನ ತಲೆಗಳು ಸಾಲಾಗಿ ಕೂತಿದ್ದವು, ನಸುಕಿನಲ್ಲೇ ಫಿನ್ನಿ ತುಂಬಿ ಜಡಿದಿಟ್ಟಿದ್ದಳು. ಲುಲ್ಲ ಟೋಪಿ ಕೋಟು ಹಾಕಿಕೊಂಡು, ಕೆಂಪಗೆ ಕಾದ ಸಲಾಕೆ ಹಿಡಿದು ನಿಂತ. ಪಕ್ಕದಲ್ಲಿ ಬ್ರಿಗೇಡಿಯರ್. ಹಿಂದೆ, ಹೂವಿನ ಟೋಪಿ ಇಟ್ಟ ಫಿನ್ನಿ. ಕೆಳಗೆ ಹೂಪೀಠದ ಮುಂದೆ ಊರೆಲ್ಲ ಮೊಣಕಾಲೂರಿತು. ಪಾದ್ರಿಗಳು ಹೊನ್ನಿನ ಪಾತ್ರೆಯನ್ನು ಮೇಲೆತ್ತಿದರು. ಗಂಟೆ ಕಿಣಿಕಿಣಿಸಿ ನಿಂತಿತು.

ಲುಲ್ಲ ಸಲಾಕೆಯನ್ನು ಕಿಂಡಿಯ ಹತ್ತಿರ ತಂದ. ಇನ್ನೊಂದಿಷ್ಟು ಹತ್ತಿರ ತಂದ. ಬೆವರು ಕಣ್ಣಿಗಿಳಿಯಿತು. ಪಾದ್ರಿಗಳ ತೋಳು ನಡುಗತೊಡಗಿತು. ಲುಲ್ಲ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಇದು ಕಾಗದದ ಚೀಲ, ಇದು ಕಾಗದದ ಚೀಲ ಎಂದುಕೊಂಡು ಕೈ ಮುಂದೆ ಚಾಚಿದ. ಅವನು ತಾಗಿಸಿಯೇ ಬಿಡುತ್ತಿದ್ದ. ಅಷ್ಟರಲ್ಲಿ ಬ್ರಿಗೇಡಿಯರನ ಮೂಗಿಗೆ ಹುಲ್ಲಿನ ಹೂವು ಹೊಕ್ಕು, ಅವನು ದೇವರು ಕೊಟ್ಟ ಶಕ್ತಿಯನ್ನೆಲ್ಲ ಹಾಕಿ ಸೀನಿದ.

ಸಲಾಕೆ ಒಂದು ಕಡೆ, ಟೋಪಿ ಒಂದು ಕಡೆ. ಲುಲ್ಲ ಬೇಲಿ ಹಾರಿದ. ಇಳಿಜಾರಿನಲ್ಲಿ ಉರುಳಿ, ಗುಸ್ತಿಯ ಬಾತುಕೋಳಿಗಳ ನಡುವೆ ನುಗ್ಗಿ, ಅವುಗಳನ್ನೂ ಕರೆದುಕೊಂಡು ನೇರ ಹೂಪೀಠದ ಮುಂದೆ ಪಾದ್ರಿಗಳ ಕಾಲ ಬುಡಕ್ಕೆ ಬಂದು ನಿಂತ. ಪಾದ್ರಿಗಳು ಪಾತ್ರೆ ಇಳಿಸುವಂತಿರಲಿಲ್ಲ, ತೋಪು ಹಾರದೆ ಇಳಿಸಿದ್ದೇ ಇಲ್ಲ. ಊರು ಬೇಲಿಯ ಕಡೆ ನೋಡಿತು.

ಬೇಲಿಯ ಮೇಲೆ ಹೂವಿನ ಟೋಪಿಯೊಂದು ಕಾಣಿಸಿತು. ಎರಡು ಬೇಗ ಬೇಗ. ಸ್ವಲ್ಪ ಬಿಡುವು. ಆಮೇಲೆ ಉಳಿದ ಮೂರು.

ಪಾದ್ರಿಗಳು ತೋಳು ಇಳಿಸಿದರು. ಮೊಣಕಾಲೂರಿದ್ದವರು ಏಳುವುದನ್ನು ಮರೆತು ಒಬ್ಬರನ್ನೊಬ್ಬರು ನೋಡಿದರು. ಆ ಬಿಡುವನ್ನು ಗುರುತಿಸದ ಕಿವಿ ಆ ಊರಲ್ಲಿರಲಿಲ್ಲ. ಲುಲ್ಲ ನೆಲದ ಮೇಲೆ ಬಾತುಕೋಳಿಯೊಂದನ್ನು ಅಪ್ಪಿಕೊಂಡು, ಎಲ್ಲ ಮುಗಿಯಿತು ಎಂದುಕೊಂಡ.

ಮೊದಲು ಬಾಯಿ ತೆರೆದವನು ಗುಸ್ತಿ. ತನ್ನ ಬಾತುಕೋಳಿಯನ್ನು ಕಿತ್ತುಕೊಂಡು, ನಿಯಮ ಎಲ್ಲರಿಗೂ ಗೊತ್ತಿರುವುದೇ ಎಂದ. ಗಂಡಸು ಹಾರಿಸಲಿಲ್ಲ, ಹೆಂಗಸು ಹಾರಿಸಬಾರದು, ಸಂಜೆ ಕೈಗಾಡಿ ತರುತ್ತೇನೆ ಎಂದ. ಅಷ್ಟರಲ್ಲಿ ಫಿನ್ನಿ ತೋಟದಿಂದ ಇಳಿದು ಬಂದಿದ್ದಳು. ಬಲಹುಬ್ಬೂ ಹೋಗಿತ್ತು.

‘ಯಾವ ಹೆಂಗಸು ಹಾರಿಸ್ತು ಗುಸ್ತಿ?’

‘ಕೇಳ್ತಿದೆ ನೋಡಿ. ಅದೇ ಹಾರಿಸ್ತಲ್ಲ, ಊರೆಲ್ಲ ನೋಡಿಲ್ವಾ?’

ಫಿನ್ನಿ ಪಾದ್ರಿಗಳ ಕಡೆ ತಿರುಗಿದಳು. ‘ಕೇಳಿಸ್ಕೊಂಡ್ರಾ ಫಾದರ್? ಅದು ಅಂದ. ಹುಟ್ಟಿದಾಗಿಂದ ಈ ಊರು ನನ್ನ ಅದು ಅಂತಲೇ ಕರೆದಿದೆ. ಅದು ಬಂತು, ಅದು ಹೋಯ್ತು. ಒಂದು ದಿನ ಅವಳು ಅಂದವರಿಲ್ಲ. ಹೆಂಗಸು ಹಾರಿಸಬಾರ್ದು ಅಂತ ತಾನೆ ನಿಯಮ? ಅದು ಹಾರಿಸಬಾರ್ದು ಅಂತ ಎಲ್ಲಿದೆ?’

ಪಾದ್ರಿಗಳು ಯೋಚಿಸಿದರು. ಅವರ ತೋಳು ಇನ್ನೂ ನೋಯುತ್ತಿತ್ತು. ಮುಂದಿನ ವರ್ಷ ಗುಸ್ತಿ ಹಾರಿಸಿದರೆ ಎಷ್ಟು ಹೊತ್ತು ಎತ್ತಿ ಹಿಡಿದಿರಬೇಕಾದೀತೋ ಎಂದು ಲೆಕ್ಕ ಹಾಕಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ವ್ಯಾಕರಣವೂ ದೇವರದೇ ಎಂದರು, ಮೆರವಣಿಗೆ ಮುಂದೆ ಸಾಗಲಿ ಎಂದರು. ಸಿಟ್ಟಿನಿಂದ ಗುಸ್ತಿ ಅಂದಿನಿಂದ ಫಿನ್ನಿಯನ್ನು ಹಟ ಹಿಡಿದು ‘ಅವಳು’ ಎಂದೇ ಕರೆಯತೊಡಗಿದ. ಊರಿನ ಬೇರೆ ಹೆಂಗಸರಿಗೆ ಇದರಿಂದ ಹೊಟ್ಟೆಕಿಚ್ಚಾಯಿತು.

ಬ್ರಿಗೇಡಿಯರ್ ಮೂಗೊರೆಸಿಕೊಂಡು ಕೆಳಗೆ ಬಂದ. ಸೀನಿಗೆ ಬೇಲಿ ಹಾರುವವನು ಕಂಬ ಹಾರಿಸಿರಲಾರ ಎಂದು ಅವನಿಗೂ ಹೊಳೆದಿತ್ತು. ಹಾಗಾದರೆ ಈ ಮದಾಮ್? ಕಂಬ ಉರುಳಿದ ರಾತ್ರಿಗಳಲ್ಲಿ ಇವರು ಎಲ್ಲಿದ್ದರು ಎಂದು ಕೇಳಿದ. ಇದಕ್ಕೆ ಉತ್ತರ ಕೊಟ್ಟವನು ಲುಲ್ಲ. ಮದುವೆಯಾದಾಗಿನಿಂದ ಮಲಗುವಾಗ ಅವಳ ತೋಳು ಹಿಡಿದುಕೊಂಡೇ ಮಲಗುತ್ತೇನೆ, ಎಲ್ಲಾದರೂ ಗುಡುಗಿದರೆ ಎಂದು, ಬೆಳಗಾಗುವವರೆಗೆ ಬಿಡುವುದಿಲ್ಲ ಎಂದು ಊರೆಲ್ಲ ಕೇಳುವಂತೆ ಹೇಳಿದ. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕರು. ಬ್ರಿಗೇಡಿಯರ್ ಪೆನ್ನು ಜೇಬಿಗಿಟ್ಟ. ಇದನ್ನೆಲ್ಲ ಬರೆಯಹೊರಟರೆ ಬೆಕ್ಕಿನ ತಲೆಯಿಂದಲೇ ಶುರುಮಾಡಬೇಕಾಗುತ್ತಿತ್ತು.

ಮರುವರ್ಷ ಬಾಂಬುಗಳು ಬಂದ ಹಾಗೇ ನಿಂತುಹೋದವು. ಯಾರು ಇಟ್ಟರು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪಕ್ಕದೂರಿನ ರೈತ ಮಾತ್ರ ತನ್ನ ಹುಲ್ಲುಗಾವಲಿನ ಕಂಬವನ್ನು ನೋಡಿದಾಗಲೆಲ್ಲ ಲುಲ್ಲ ಮಾತು ತಪ್ಪಿದ ಎಂದು ನಿಟ್ಟುಸಿರು ಬಿಡುತ್ತಿದ್ದ. ಲುಲ್ಲನ ಕೀರ್ತಿ ಹೋಯಿತು, ಬದಲಿಗೆ ನೆಮ್ಮದಿ ಬಂತು. ಹೆಂಡದಂಗಡಿಯಲ್ಲಿ ಬಿರಡೆ ಕೀಳುವ ಮುನ್ನ ಯಾರಾದರೂ ‘ಲುಲ್ಲ, ಕಿವಿ’ ಎನ್ನುತ್ತಿದ್ದರು. ಮೆರವಣಿಗೆಯ ದಿನ ಅವನು ಕದ್ದುಮುಚ್ಚಿ ಅಲ್ಲ, ರಾಜಾರೋಷವಾಗಿ ಬಟಾಟೆ ಗುಡಿಸಲಿಗೆ ಹೋಗುತ್ತಿದ್ದ. ಒಂದು ವರ್ಷ ಬುಟ್ಟಿಯಿಂದ ತಲೆಯೆತ್ತಿ ನೋಡಿದರೆ ಪಕ್ಕದ ಬುಟ್ಟಿಯಲ್ಲಿ ಇನ್ನೊಂದು ತಲೆ ಇತ್ತು. ಗುಸ್ತಿಯದು.

‘ನನಗೆ ಬಲಗಿವಿ ಸ್ವಲ್ಪ ಸೂಕ್ಷ್ಮ,’ ಎಂದಿತು ಬುಟ್ಟಿ.

‘ಮತ್ತೆ ಅಷ್ಟು ವರ್ಷ ಅವು ಬೇಕು ಅಂತ ಸಾಯ್ತಿದ್ದೆಯಲ್ಲ?’

‘ನಮ್ಮಪ್ಪ ಬೇಕು ಅಂದಿದ್ದ. ಹತ್ತಿ ಇದ್ರೆ ಕೊಡು.’

ಲುಲ್ಲ ಮುಪ್ಪಾಗಿ, ಹಣ್ಣಾಗಿ, ಒಂದು ಬೇಸಿಗೆಯ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ, ಸ್ವಲ್ಪವೂ ಸದ್ದು ಮಾಡದೆ ಹೋಗಿಬಿಟ್ಟ. ಮದ್ದಿನಮನೆಯವರು ಹೊರಡುವಾಗ ಬೆಕ್ಕಿನ ತಲೆ ಹಾರಿಸುವುದು ವಾಡಿಕೆ. ಶವಪೆಟ್ಟಿಗೆ ಮುಚ್ಚುವ ಮೊದಲು ಫಿನ್ನಿ ಬಂದು ಬಗ್ಗಿದಳು. ಹೆಬ್ಬೆರಳಿನಿಂದ ಅವನ ಕೆನ್ನೆಗೆ ಇಷ್ಟು ಮಸಿ ಹಚ್ಚಿದಳು. ಜೇಬಿನಿಂದ ಹತ್ತಿ ತೆಗೆದು, ಎರಡು ಉಂಡೆ ಮಾಡಿ, ಎರಡು ಕಿವಿಗೂ ಒತ್ತಿ ಇಟ್ಟಳು. ಈಗ ಮುದುಕರಾಗಿದ್ದ ಪಾದ್ರಿಗಳು ಮೆಲ್ಲನೆ, ಇನ್ನು ಅದೆಲ್ಲ ಬೇಕಾಗುವುದಿಲ್ಲ ಫಿನ್ನಿ ಎಂದರು.

‘ಸತ್ತು ಇನ್ನೂ ಎರಡೇ ದಿನ ಆಯ್ತಲ್ಲ ಫಾದರ್,’ ಎಂದಳು ಅವಳು. ‘ಅಭ್ಯಾಸ ಆಗಿರಲ್ಲ.’

ಆಮೇಲೆ ಲಂಗ ಎತ್ತಿ ಕಟ್ಟಿ ತೋಟದ ಕಡೆ ಹೊರಟಳು. ಇವತ್ತು ನಡುವೆ ಬಿಡುವು ಕೊಡುವ ಮನಸ್ಸು ಅವಳಿಗಿರಲಿಲ್ಲ. ಗುಸ್ತಿ ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟು, ಬಾಗಿಲು ಬಡಿಯದ ಹಾಗೆ ಕಾಲಿನಿಂದ ಒತ್ತಿ ಹಿಡಿದು, ಹಿಂದಿನವರಿಗೆ ಮೊಟ್ಟೆ ಒಯ್ಯುವ ಹಾಗೆ ಒಯ್ಯಿರಿ ಎಂದು ಪಿಸುಗುಟ್ಟಿದ. ಲುಲ್ಲ ತನ್ನ ವ್ಯಾನಿನಷ್ಟೇ ನಿಧಾನವಾಗಿ ಹೊಸ್ತಿಲು ದಾಟಿದ. ಅಂಗಳದ ಕೋಳಿಗಳು ಮುಂದೆ ದಾಟಿ ಹೋಗಿ ಹಿಂದಿರುಗಿ ನೋಡಿದವು.